ದೊಡ್ಡ ಅಕ್ಷರದ ಆಸೆ, ಸಣ್ಣ ಅಕ್ಷರದ ಮೋಸ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಸಂಜೆ ಹೊತ್ತು ನಡೆದು ಹೊರಟರೆ ಓದಲು ಬೇರೆ ಪುಸ್ತಕ ಬೇಕಾಗಿಲ್ಲ. ಕಂಬಕ್ಕೊಂದು ಬೋರ್ಡು, ಗೋಡೆಗೊಂದು ಬರಹ, ಅಂಗಡಿಗೊಂದು ಬ್ಯಾನರು. ಸೀರೆಗೆ ರಿಯಾಯಿತಿ, ಬಂಗಾರಕ್ಕೆ ಮಜೂರಿ ಮಾಫಿ, ಫ್ರಿಜ್ಜಿಗೆ ಬಡ್ಡಿ ಇಲ್ಲದ ಕಂತು, ಮಕ್ಕಳ ಬುದ್ಧಿ ಬೆಳೆಸುವ ಪುಡಿ, ಸಕ್ಕರೆ ಕಾಯಿಲೆಗೆ ಬೇರುಮಟ್ಟದ ಔಷಧ, ಮನೆ ಕಟ್ಟಲು ಪ್ಲಾಟು! ಮನೆಗೆ ಬಂದು ಟಿ.ವಿ. ಹಚ್ಚಿದರೂ ಅವೇ ಮಾತು, ಮೊಬೈಲು ಕೈಗೆ ತೆಗೆದುಕೊಂಡರೂ ಅವೇ ಚಿತ್ರ.

ಜಾಹೀರಾತು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಊರಿಗೆ ಹೊಸ ಸಾಮಾನು ಬಂದದ್ದು ನಮಗೆ ತಿಳಿಯಬೇಕಾದರೆ ಯಾರಾದರೂ ಹೇಳಲೇಬೇಕಲ್ಲ? ಆದರೆ ಹೇಳುವುದು ಬೇರೆ, ಮರುಳು ಮಾಡುವುದು ಬೇರೆ. ಪೂರಾ ಸುಳ್ಳು ಹೇಳುವ ಜಾಹೀರಾತು ಇಂದು ಕಡಿಮೆ. ಅರ್ಧ ಸತ್ಯವನ್ನು ದೊಡ್ಡದಾಗಿ ಬರೆದು, ಉಳಿದರ್ಧವನ್ನು ಕಣ್ಣಿಗೆ ಕಾಣದಂತೆ ಬರೆಯುವುದೇ ಈಗಿನ ಜಾಣತನ. ಮನೆಯ ಖರ್ಚು ತೂಗಿಸುವವರು ನಾವು. ಆದ್ದರಿಂದ ಈ ಜಾಣತನವನ್ನು ಮೊದಲು ತಿಳಿದುಕೊಳ್ಳಬೇಕಾದವರೂ ನಾವೇ.

ಅಕ್ಷರದ ಆಟ

ಮೊದಲು ಅಕ್ಷರದ ಗಾತ್ರವನ್ನು ನೋಡಿ. “ಶೇ. 50 ರಿಯಾಯಿತಿ” ಎಂಬುದು ಮೊಳದುದ್ದ ಇರುತ್ತದೆ. ಅದರ ಪಕ್ಕದಲ್ಲಿ ಜೀರಿಗೆ ಕಾಳಿನಷ್ಟು “ವರೆಗೆ” ಎಂದಿರುತ್ತದೆ. ಅಂದರೆ ಅಂಗಡಿಯ ಮೂಲೆಯಲ್ಲಿರುವ ನಾಲ್ಕು ಹಳೆಯ ಸೀರೆಗೆ ಮಾತ್ರ ಅರ್ಧ ಬೆಲೆ. ನಿಮಗೆ ಮನಸ್ಸು ಬಂದ ಸೀರೆಗೆ ಶೇ. 5 ಅಥವಾ 10. ಕೇಳಿದರೆ, “ವರೆಗೆ ಅಂತ ಬರದೇವಲ್ರಿ ಅಕ್ಕಾರ” ಎನ್ನುತ್ತಾರೆ. ಬರೆದದ್ದು ನಿಜವೇ!

ಇನ್ನೊಂದು, ನಕ್ಷತ್ರದ ಗುರುತು. ದೊಡ್ಡ ಮಾತಿನ ತಲೆಯ ಮೇಲೆ ಒಂದು ಚಿಕ್ಕ ನಕ್ಷತ್ರ. ಕಾಗದದ ತೀರ ಕೆಳಗೆ ಅದೇ ನಕ್ಷತ್ರದ ಮುಂದೆ “ಷರತ್ತುಗಳು ಅನ್ವಯಿಸುತ್ತವೆ” ಎಂಬ ಸಾಲು. ಎಷ್ಟೋ ಸಲ ಮೇಲಿನ ಆಸೆಯ ಮಾತು ಕನ್ನಡದಲ್ಲಿದ್ದು ಕೆಳಗಿನ ಷರತ್ತು ಇಂಗ್ಲಿಷಿನಲ್ಲಿರುತ್ತದೆ. ಟಿ.ವಿ.ಯಲ್ಲಾದರೆ ಆ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಹೋಗುತ್ತದೆ.

ಇದು ಕಾನೂನಿಗೆ ಒಪ್ಪುವಂಥದಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಸರಕಾರ 2022ರ ಜೂನ್ ತಿಂಗಳಲ್ಲಿ ನಿಯಮಗಳನ್ನು ಹೊರಡಿಸಿದೆ. ಅವುಗಳ ಪ್ರಕಾರ ಯಾವ ಭಾಷೆಯಲ್ಲಿ ದೊಡ್ಡ ಮಾತು ಹೇಳಿದ್ದಾರೋ ಅದೇ ಭಾಷೆಯಲ್ಲಿ, ಅದೇ ಅಕ್ಷರದ ಮಾದರಿಯಲ್ಲಿ ಷರತ್ತನ್ನೂ ಹೇಳಬೇಕು. ದೊಡ್ಡ ಮಾತು ಹೇಳಿದ್ದನ್ನು ಸಣ್ಣ ಮಾತಿನಲ್ಲಿ ಅಲ್ಲಗಳೆಯುವಂತಿಲ್ಲ. “ಉಚಿತ” ಎಂದು ಹೇಳಿದ ಮೇಲೆ ಸಾಗಣೆಯಂಥ ಅನಿವಾರ್ಯ ಖರ್ಚನ್ನು ಬಿಟ್ಟು ಬೇರೆ ಹಣ ಕೇಳುವಂತಿಲ್ಲ. ಕಡಿಮೆ ಬೆಲೆ ತೋರಿಸಿ ಅಂಗಡಿಗೆ ಕರೆದು, ಹೋದ ಮೇಲೆ “ಅದು ಮುಗೀತ್ರಿ, ಇದನ್ನ ನೋಡ್ರಿ” ಎಂದು ದುಬಾರಿಯದನ್ನು ತೋರಿಸುವ ಗಾಳದ ಜಾಹೀರಾತಿಗೂ ಈ ನಿಯಮಗಳಲ್ಲಿ ತಡೆ ಇದೆ.

ಲೆಕ್ಕದ ಆಟ

“ಶೇ. 50 + ಶೇ. 40 ರಿಯಾಯಿತಿ” ಎಂಬ ಬ್ಯಾನರನ್ನು ನೀವೂ ನೋಡಿರಬೇಕು. ಕೂಡಿಸಿದರೆ 90 ಎಂದು ಮನಸ್ಸು ಹೇಳುತ್ತದೆ. ಕಾಗದ ತೆಗೆದು ಲೆಕ್ಕ ಮಾಡಿ. ಸಾವಿರ ರೂಪಾಯಿ ಸೀರೆಗೆ ಮೊದಲು ಶೇ. 50 ಕಳೆದರೆ 500. ಆ 500ಕ್ಕೆ ಶೇ. 40 ಕಳೆದರೆ 300. ನೀವು ಕೊಡುವುದು 300 ರೂಪಾಯಿ, ನೂರು ಅಲ್ಲ. ರಿಯಾಯಿತಿ ಶೇ. 70 ಮಾತ್ರ. ಅದೂ ಆ ಸಾವಿರ ಎಂಬ ಮೂಲ ಬೆಲೆ ನಿಜವಾಗಿದ್ದರೆ! ಹಬ್ಬದ ಮುಂಚೆ ಬೆಲೆಯ ಚೀಟಿ ಬದಲಾದದ್ದನ್ನು ಕಂಡವರು ನಮ್ಮಲ್ಲಿ ಅನೇಕರು ಇದ್ದಾರೆ.

ಇನ್ನು ಕಿರಾಣಿ ಅಂಗಡಿಗೆ ಬನ್ನಿ. ಬೆಲೆ ಹೆಚ್ಚಿಸಿದರೆ ಗಿರಾಕಿ ಬೈಯುತ್ತಾರೆ. ತೂಕ ಇಳಿಸಿದರೆ ಗಮನಿಸುವವರು ಕಡಿಮೆ. 10 ರೂಪಾಯಿಯ ಪುಡಿಕೆ 10 ರೂಪಾಯಿಯಾಗಿಯೇ ಉಳಿದು, 60 ಗ್ರಾಂ ಇದ್ದದ್ದು 48 ಗ್ರಾಂ ಆಯಿತೆನ್ನಿ. ನೂರು ಗ್ರಾಂಗೆ 16 ರೂಪಾಯಿ 67 ಪೈಸೆ ಬೀಳುತ್ತಿದ್ದದ್ದು 20 ರೂಪಾಯಿ 83 ಪೈಸೆಗೆ ಏರಿತು. ಅಂದರೆ ಬೆಲೆ ಕಾಲು ಭಾಗ ಹೆಚ್ಚಾಯಿತು. ಚೀಲ ಮಾತ್ರ ಗಾಳಿ ತುಂಬಿಕೊಂಡು ಮೊದಲಿನಷ್ಟೇ ದಪ್ಪಗಿರುತ್ತದೆ. ಇದಕ್ಕೇ ಈಗ ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆಗೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಎಂಬುದನ್ನೂ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ. ಎರಡು ಕಂಪನಿಯ ಪೊಟ್ಟಣಗಳನ್ನು ಹೋಲಿಸುವಾಗ ಆ ಒಂದು ಅಂಕಿ ನೋಡಿದರೆ ಸಾಕು. “ಕುಟುಂಬದ ದೊಡ್ಡ ಪ್ಯಾಕು” ಯಾವಾಗಲೂ ಅಗ್ಗ ಎಂದು ತಿಳಿಯಬೇಡಿ.

ಒಂದು ಬಿಸ್ಕೀಟಿನ ಕಥೆ ಕೇಳಿ. ತಮಿಳುನಾಡಿನಲ್ಲಿ ಒಬ್ಬರು ಐ.ಟಿ.ಸಿ. ಕಂಪನಿಯ ಮೇರಿ ಬಿಸ್ಕೀಟು ಕೊಂಡರು. ಪೊಟ್ಟಣದ ಮೇಲೆ 16 ಎಂದಿತ್ತು, ಒಳಗೆ 15 ಇದ್ದವು. ನಾವಾದರೆ “ಹೋಗಲಿ ಬಿಡು” ಎನ್ನುತ್ತಿದ್ದೆವು. ಅವರು ಬಿಡಲಿಲ್ಲ. ಮಾರುವುದು ತೂಕದ ಮೇಲೆ, ಎಣಿಕೆಯ ಮೇಲಲ್ಲ ಎಂದು ಕಂಪನಿ ವಾದಿಸಿತು. ತಿರುವಳ್ಳೂರು ಜಿಲ್ಲಾ ಗ್ರಾಹಕರ ಆಯೋಗ ಅದನ್ನು ಒಪ್ಪದೆ 2023ರಲ್ಲಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಪೊಟ್ಟಣದ ಮೇಲೆ ಬರೆದದ್ದೂ ಗಿರಾಕಿಗೆ ಕೊಟ್ಟ ಮಾತೇ ಎಂಬುದು ಇದರಿಂದ ತಿಳಿಯುತ್ತದೆ.

ಫ್ರಿಜ್ಜು, ವಾಷಿಂಗ್ ಮಶಿನ್ನುಗಳಿಗೆ “ಸೊನ್ನೆ ಬಡ್ಡಿ” ಎಂಬ ಜಾಹೀರಾತು ಇನ್ನೊಂದು ಬಗೆ. ನಗದು ಕೊಟ್ಟರೆ 18,000ಕ್ಕೆ ಸಿಗುವ ಸಾಮಾನು ಕಂತಿನಲ್ಲಿ 20,000; ಮೇಲೆ ಫೈಲ್ ಚಾರ್ಜು ಎಂದು 500. ಬಡ್ಡಿ ಎಂಬ ಹೆಸರಿಲ್ಲ ಅಷ್ಟೇ, ಹೆಚ್ಚಿಗೆ ಹೋದದ್ದು 2,500 ರೂಪಾಯಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲದ ವಸ್ತು ಎಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಆದ್ದರಿಂದ ಅಂಗಡಿಯಲ್ಲಿ ಕಂತಿನ ಮಾತು ತೆಗೆಯುವ ಮೊದಲು “ನಗದಾದರೆ ಎಷ್ಟಕ್ಕೆ ಕೊಡ್ತೀರಿ?” ಎಂದು ಕೇಳಿ.

ಮಾತಿನ ಆಟ, ಚಿತ್ರದ ಆಟ

ಎಣ್ಣೆಯ ಡಬ್ಬಿಯ ಮೇಲೆ ಹೃದಯದ ಚಿತ್ರ ಬರೆದು “ಕೊಲೆಸ್ಟರಾಲ್ ಇಲ್ಲ” ಎಂದು ಹೊಗಳಿಕೊಳ್ಳುತ್ತಾರೆ. ಕೊಲೆಸ್ಟರಾಲ್ ಇರುವುದು ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಜನ್ಯ ಪದಾರ್ಥಗಳಲ್ಲಿ. ನಮ್ಮ ಗಾಣದ ಕುಸುಬಿ ಎಣ್ಣೆಯಲ್ಲೂ ಇಲ್ಲ, ಶೇಂಗಾ ಎಣ್ಣೆಯಲ್ಲೂ ಇಲ್ಲ. ಎಲ್ಲ ಎಣ್ಣೆಗೂ ಇರುವ ಗುಣವನ್ನು ತನ್ನೊಬ್ಬನ ಹೆಚ್ಚುಗಾರಿಕೆಯಂತೆ ಹೇಳಿಕೊಳ್ಳುವುದು ಒಂದು ಹಳೆಯ ತಂತ್ರ.

ಬಹುಧಾನ್ಯದ ಬಿಸ್ಕೀಟು, ಬಹುಧಾನ್ಯದ ಬ್ರೆಡ್ಡು ಎಂದು ಜೋಳದ ತೆನೆ, ರಾಗಿಯ ತೆನೆ ಚಿತ್ರ ಹಾಕುತ್ತಾರೆ. ಪೊಟ್ಟಣ ಹಿಂದೆ ತಿರುಗಿಸಿ. ಒಳಗಿನ ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿಗೆ ಇರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಅಥವಾ ತಾಳೆ ಎಣ್ಣೆ ಇದ್ದು, ಜೋಳ, ರಾಗಿ ಕೊನೆಯಲ್ಲಿ ಬಂದರೆ ಅದು ಮೈದಾ ಬಿಸ್ಕೀಟೇ. ದಿನಾ ಬಿಳಿ ಜೋಳದ ರೊಟ್ಟಿ ಬಡಿಯುವ ನಾವು ಚಿತ್ರದ ಜೋಳಕ್ಕೆ ಹೆಚ್ಚಿನ ಹಣ ಕೊಡಬೇಕೆ?

ಹಣ್ಣಿನ ರಸದ ಪೊಟ್ಟಣಗಳ ಮೇಲೆ “ನೂರಕ್ಕೆ ನೂರು ಹಣ್ಣಿನ ರಸ” ಎಂದು ಬರೆಯುತ್ತಿದ್ದರು. ಗಟ್ಟಿ ಮಾಡಿದ ರಸಕ್ಕೆ ನೀರು ಬೆರೆಸಿ ತಯಾರಿಸಿದ್ದಕ್ಕೆ ಹೀಗೆ ಬರೆಯುವುದು ತಪ್ಪೆಂದು, ಅದನ್ನು ತೆಗೆದುಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನಿನಲ್ಲಿ ಆದೇಶ ಮಾಡಿತು. ಹಾಗೆಯೇ ಐಸ್ ಕ್ರೀಮು ಎಂದು ನಾವು ತರುವುದರಲ್ಲಿ ಎರಡು ಬಗೆ. ಹಾಲಿನ ಕೊಬ್ಬಿನಿಂದ ಮಾಡಿದ್ದು ಐಸ್ ಕ್ರೀಮು. ವನಸ್ಪತಿ ಎಣ್ಣೆಯ ಕೊಬ್ಬು ಬಳಸಿದ್ದು “ಫ್ರೋಜನ್ ಡೆಸರ್ಟ್”. ಡಬ್ಬಿ ಒಂದೇ ತರಹ, ಚಿತ್ರ ಒಂದೇ ತರಹ. ಹೆಸರು ಮಾತ್ರ ಮೂಲೆಯಲ್ಲಿ ಬೇರೆ. ಮಕ್ಕಳಿಗೆ ಹಾಲಿನದು ಕೊಡುತ್ತಿದ್ದೇವೆ ಎಂಬ ತೃಪ್ತಿಯಲ್ಲಿ ತಾಯಿ ಇರುತ್ತಾಳೆ.

ಬಟ್ಟೆ ಅಂಗಡಿಯ “ಆರ್ಟ್ ಸಿಲ್ಕ್” ಎಂಬ ಮಾತೂ ಇಂಥದೇ. ಕಲಾತ್ಮಕ ರೇಷ್ಮೆ ಎಂದು ಹಿಗ್ಗಬೇಡಿ. ಅದರ ಅರ್ಥ ಕೃತಕ ರೇಷ್ಮೆ. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ಇದೆ, ಅದನ್ನು ಕೇಳಿ. ಇಲಕಲ್ ಸೀರೆಗೂ ಸೊಲ್ಲಾಪುರದ ಚಾದರಕ್ಕೂ ಊರಿನ ಹೆಸರಿನ ಮೇಲೆ ಸರಕಾರದ ರಕ್ಷಣೆ ಸಿಕ್ಕಿದೆ. ಆದರೂ “ಇಲಕಲ್ ಮಾದರಿ”, “ಸೊಲ್ಲಾಪುರಿ ಡಿಸೈನ್” ಎಂಬ ಬೋರ್ಡುಗಳನ್ನು ಕಾಣುತ್ತೇವೆ. ಮಾದರಿ ಎಂಬ ಒಂದು ಶಬ್ದ ಸೇರಿದರೆ ಮಗ್ಗದ ಮುಂದೆ ಕುಳಿತು ಕೊಂಡಿ ಹಾಕಿ ಸೆರಗು ಜೋಡಿಸುವ ನೇಕಾರನ ಶ್ರಮ ಮಾಯವಾಗಿ, ಯಂತ್ರದ ಬಟ್ಟೆ ಅದರ ಬೆಲೆಗೆ ಹೋಗುತ್ತದೆ. ಬಂಗಾರದಲ್ಲಿಯೂ ಅಷ್ಟೇ: “ಒಂದು ಗ್ರಾಂ ಚಿನ್ನ” ಎಂದರೆ ಒಳಗೆ ಬೇರೆ ಲೋಹ, ಮೇಲೆ ಬಂಗಾರದ ನೀರು. ನಿಜ ಬಂಗಾರದ ಒಡವೆಗೆ ಹಾಲ್‌ಮಾರ್ಕ್ ಜೊತೆಗೆ ಆರು ಅಂಕಿ-ಅಕ್ಷರಗಳ ಗುರುತು ಇರಬೇಕೆಂದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಮಗುವಿನ ಜೀವದ ಮಾತು

ಇದುವರೆಗೆ ಹೇಳಿದ್ದು ಹಣದ ಮಾತು. ಮುಂದಿನದು ಅದಕ್ಕಿಂತ ದೊಡ್ಡದು.

ಬೇಸಿಗೆಯಲ್ಲಿ ಮಗುವಿಗೆ ವಾಂತಿಭೇದಿ ಆದರೆ ಡಾಕ್ಟರು “ಓ.ಆರ್.ಎಸ್. ಕುಡಿಸಿರಿ” ಎನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಹಣ್ಣಿನ ಚಿತ್ರದ, ರುಚಿಯಾದ ಪಾನೀಯದ ಪೊಟ್ಟಣ ಕೈಗೆ ಬರುತ್ತಿತ್ತು. ಅದರ ಹೆಸರಿನಲ್ಲಿಯೇ ಓ.ಆರ್.ಎಸ್. ಎಂಬ ಅಕ್ಷರಗಳು ಸೇರಿರುತ್ತಿದ್ದವು. ಒಳಗಿದ್ದದ್ದು ಸಕ್ಕರೆ ಹೆಚ್ಚಾದ ಪಾನಕ! ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ನಿಜವಾದ ಓ.ಆರ್.ಎಸ್. ಪುಡಿ ಒಂದು ಲೀಟರ್ ನೀರಿಗೆ 20.5 ಗ್ರಾಂ, ಅದರಲ್ಲಿ ಗ್ಲೂಕೋಸು 13.5 ಗ್ರಾಂ, ಉಳಿದದ್ದು ಉಪ್ಪು ಮತ್ತು ಇತರ ಲವಣಗಳು. ಈ ಅಳತೆ ತಪ್ಪಿ ಸಕ್ಕರೆ ಹೆಚ್ಚಾದರೆ ಭೇದಿ ನಿಲ್ಲುವ ಬದಲು ಇನ್ನೂ ಜೋರಾಗುತ್ತದೆ.

ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2022ರಲ್ಲಿ, “ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓ.ಆರ್.ಎಸ್. ಅಲ್ಲ” ಎಂಬ ಸಾಲು ಹಾಕಿ ಮಾರಬಹುದೆಂದು ಪ್ರಾಧಿಕಾರ ಒಪ್ಪಿಗೆ ಕೊಟ್ಟಿತ್ತು. ಹೆಸರು ದೊಡ್ಡದು, ಎಚ್ಚರಿಕೆ ಸಣ್ಣದು. ಅಳುವ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡ ತಾಯಿ ಆ ಸಾಲನ್ನು ಓದುವುದು ಎಂದಿಗೆ? ಕೊನೆಗೆ 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡು, ಇಂಥ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳೇ ಇರಕೂಡದು ಎಂದು ಆದೇಶಿಸಿತು. ಆದರೂ ಔಷಧಿ ಅಂಗಡಿಯಲ್ಲಿ ಸರಿಯಾದ ಪುಡಿಯನ್ನೇ ಕೇಳಿ ತನ್ನಿ. ಅದು ಕೈಗೆ ಬರುವವರೆಗೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕುಡಿಸುತ್ತಿರಿ. ಚಮಚ ಎಂದರೆ ಚಹಾದ ಚಿಕ್ಕ ಚಮಚ. ಮಗು ಸುಸ್ತಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಲಿಗೆ ಹಾಕುವ ಪುಡಿಗಳ ಕಥೆಯೂ ಬೇರೆಯಲ್ಲ. “ಹೆಲ್ತ್ ಡ್ರಿಂಕ್” ಎಂಬುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವನ್ನೇ ಹೇಳಿಲ್ಲ. ಆದ್ದರಿಂದ ಬೋರ್ನ್‌ವಿಟಾದಂಥ ಪಾನೀಯಗಳನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಇಲಾಖೆ 2024ರ ಏಪ್ರಿಲ್‌ನಲ್ಲಿ ಮೊಬೈಲ್ ಮಾರಾಟದ ಕಂಪನಿಗಳಿಗೆ ತಿಳಿಸಿತು. ರುಚಿಗೆಂದು ಕೊಡುವುದಾದರೆ ಕೊಡಿ. ಎತ್ತರ, ಬುದ್ಧಿ ಬೆಳೆಯುತ್ತದೆಂದು ತರಬೇಡಿ.

ಕಾಯಿಲೆ ಮತ್ತು ಮೈಬಣ್ಣ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಬೊಜ್ಜು ಇವನ್ನು ಗುಣಪಡಿಸುತ್ತೇವೆ, ಎತ್ತರ ಬೆಳೆಸುತ್ತೇವೆ ಎಂದು ಔಷಧದ ಜಾಹೀರಾತು ಹಾಕುವುದೇ 1954ರ ಕಾಯಿದೆಯ ಪ್ರಕಾರ ಅಪರಾಧ. ಆದರೂ ಬಸ್ ನಿಲ್ದಾಣದ ಗೋಡೆಯಿಂದ ಮೊಬೈಲಿನವರೆಗೆ ಇವು ತುಂಬಿವೆ. ನಂಬಿ ಡಾಕ್ಟರ ಗುಳಿಗೆ ಬಿಟ್ಟವರ ಕಾಲು, ಕಣ್ಣು, ಮೂತ್ರಪಿಂಡಗಳಿಗೆ ಬರುವ ಅಪಾಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಭಾರತೀಯ ವೈದ್ಯಕೀಯ ಸಂಘ ಇಂಥ ಜಾಹೀರಾತುಗಳ ಬಗ್ಗೆ ಪತಂಜಲಿ ಕಂಪನಿಯ ಮೇಲೆ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಕಂಪನಿ 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿ ಪ್ರಕಟಣೆ ಕೊಟ್ಟಿತು. ಆಗ ನ್ಯಾಯಮೂರ್ತಿ ಹಿಮಾ ಕೊಹ್ಲಿಯವರು ಕೇಳಿದ ಪ್ರಶ್ನೆ ನಮ್ಮ ಇಂದಿನ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ: ನಿಮ್ಮ ಜಾಹೀರಾತುಗಳು ಎಷ್ಟು ದೊಡ್ಡದಾಗಿದ್ದವೋ ಈ ಕ್ಷಮೆಯೂ ಅಷ್ಟೇ ದೊಡ್ಡದಾಗಿದೆಯೆ? ಮರುದಿನ ಕಂಪನಿ ಇನ್ನೂ ದೊಡ್ಡ ಅಕ್ಷರದಲ್ಲಿ ಕ್ಷಮೆ ಪ್ರಕಟಿಸಿತು.

ಮೈಬಣ್ಣದ ಜಾಹೀರಾತು ನಮ್ಮ ಹೆಣ್ಣುಮಕ್ಕಳ ಮನಸ್ಸನ್ನು ಎಷ್ಟು ನೋಯಿಸಿದೆ ಎಂದು ಅಳೆಯುವ ತಕ್ಕಡಿ ಇಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ, ಕಪ್ಪಗಿದ್ದಾಗ ಕೆಲಸವಿಲ್ಲದ ಹುಡುಗಿಗೆ ಬೆಳ್ಳಗಾದೊಡನೆ ಕೆಲಸವೂ ಮದುವೆಯೂ ಕೂಡಿಬರುತ್ತದೆ ಎಂಬ ಕಥೆಯನ್ನು ಮನೆಮನೆಗೂ ತಂದಿತು. 2020ರ ಜುಲೈಯಲ್ಲಿ ಅದರ ಹೆಸರಿನ ಮೊದಲ ಶಬ್ದ ಬದಲಾಗಿ ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಮನೆಗಳಲ್ಲಿ ಕೂಸನ್ನು ನೋಡಿದೊಡನೆ ಬಣ್ಣದ ಮಾತು ತೆಗೆಯುವ ಅಭ್ಯಾಸವೂ ಹಾಗೆಯೇ ಬದಲಾಗಬೇಕಲ್ಲವೆ?

ಐದು ನಿಮಿಷದ ಪ್ಲಾಟು

ಜೀವಮಾನದ ಉಳಿತಾಯವನ್ನು ನುಂಗುವ ಜಾಹೀರಾತು ಪ್ಲಾಟಿನದು. “ಬಸ್ ನಿಲ್ದಾಣದಿಂದ ಐದೇ ನಿಮಿಷ” ಎನ್ನುತ್ತಾರೆ. ಯಾವ ವೇಗದಲ್ಲಿ? ತಾಸಿಗೆ 60 ಕಿಲೋಮೀಟರ್ ಓಡುವ ಕಾರಿಗೆ ಐದು ನಿಮಿಷ ಎಂದರೆ ಐದು ಕಿಲೋಮೀಟರ್. ಸಂತೆಯ ಚೀಲ ಹಿಡಿದು ನಡೆಯುವ ನಿಮಗೆ ಅದು ಒಂದು ತಾಸಿಗೂ ಮಿಕ್ಕ ದಾರಿ. ಚಿತ್ರದಲ್ಲಿ ಕಾರಂಜಿ, ಉದ್ಯಾನ, ಡಾಂಬರು ರಸ್ತೆ. ಹೋಗಿ ನೋಡಿದರೆ ಜಾಲಿಗಿಡ ಮತ್ತು ಸುಣ್ಣ ಬಳಿದ ನಾಲ್ಕು ಕಲ್ಲು. “ಆಗಲಿರುವ” ಎಂಬ ಶಬ್ದ ಮಾತ್ರ ಚಿತ್ರದ ಕೆಳಗೆ ಸಣ್ಣದಾಗಿ ಇರುತ್ತದೆ.

ನಮ್ಮ ಓಣಿಯ ವಿಧವೆಯೊಬ್ಬರು ಗಂಡನ ಪಿ.ಎಫ್. ಹಣದಲ್ಲಿ ಇಂಥದೊಂದು ಪ್ಲಾಟಿಗೆ ಮುಂಗಡ ಕೊಡಲು ಹೊರಟಿದ್ದರು. ಕಾಲೇಜು ಓದುವ ಮಗಳು “ರೇರಾ ನಂಬರ್ ಎಷ್ಟ್ರಿ?” ಎಂದು ಕೇಳಿದಳು. “ಬರ್ತದ್ರಿ, ಅರ್ಜಿ ಕೊಟ್ಟೇವಿ” ಎಂದವರು ಮತ್ತೆ ಫೋನು ಎತ್ತಲಿಲ್ಲ. ಆ ಒಂದು ಪ್ರಶ್ನೆಯಿಂದ ಉಳಿದದ್ದು ಆ ಮನೆಯ ಇಡೀ ಗಂಟು.

ರೇರಾ ಎಂದರೆ 2016ರ ರಿಯಲ್ ಎಸ್ಟೇಟ್ ಕಾಯಿದೆ. 500 ಚದರ ಮೀಟರಿಗೆ ಮೀರಿದ ಜಾಗದ ಯೋಜನೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಹಾಕುವಂತಿಲ್ಲ, ಮುಂಗಡ ತೆಗೆದುಕೊಳ್ಳುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಜಾಹೀರಾತಿನ ಸುಳ್ಳು ಮಾತು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. ಬೇಡವೆಂದು ಹಿಂದೆ ಸರಿದರೆ ಬಡ್ಡಿ ಸಮೇತ ಹಣ ಮರಳಿ ಪಡೆಯಬಹುದು. ಆದ್ದರಿಂದ ಆ ಬಣ್ಣದ ಹಾಳೆಯನ್ನು ರದ್ದಿಗೆ ಹಾಕದೆ ಜೋಪಾನವಾಗಿಡಿ. ಎನ್.ಎ. ಆದೇಶ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಪತ್ರವನ್ನೂ ಕಣ್ಣಾರೆ ನೋಡಿರಿ.

ಮೊಬೈಲಿನ ಅಂಗಡಿ

ಮಕ್ಕಳು ಮೊಬೈಲಿನಲ್ಲಿ ಸಾಮಾನು ತರಿಸುವುದು ಈಗ ಟಿಕೋಟಾ, ಬಬಲೇಶ್ವರದ ಮನೆಗಳಲ್ಲೂ ಸಾಮಾನ್ಯ. ಅಲ್ಲಿ ಮೋಸ ಗುಂಡಿಗಳಲ್ಲಿ, ಬಣ್ಣಗಳಲ್ಲಿ ಅಡಗಿರುತ್ತದೆ. “ಇನ್ನು ಎರಡೇ ಉಳಿದಿವೆ”, “ಹತ್ತು ನಿಮಿಷದಲ್ಲಿ ಮುಗಿಯುತ್ತದೆ” ಎಂದು ಅವಸರ ಹುಟ್ಟಿಸುವುದು. ನೀವು ಕೇಳದ ವಿಮೆಯನ್ನೋ ದಾನವನ್ನೋ ಮೆಲ್ಲಗೆ ಬಿಲ್ಲಿಗೆ ಸೇರಿಸುವುದು. ಮೊದಲು ಕಡಿಮೆ ಬೆಲೆ ತೋರಿಸಿ ಹಣ ಕೊಡುವ ಹೊತ್ತಿಗೆ ಒಂದೊಂದೇ ಚಾರ್ಜು ಏರಿಸುವುದು. “ಬೇಕು” ಎಂಬ ಗುಂಡಿ ಹಸಿರಾಗಿ ದೊಡ್ಡದಾಗಿ, “ಬೇಡ” ಎಂಬುದು ಮಸುಕಾಗಿ ಇರುವುದು. ಚಂದಾ ಸೇರುವುದು ಸುಲಭ, ಬಿಡುವುದು ಕಠಿಣ. 2023ರ ನವೆಂಬರ್ 30ರಂದು ಸರಕಾರ ಇಂಥ 13 ಬಗೆಯ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಮಕ್ಕಳ ಪಕ್ಕದಲ್ಲಿ ಕುಳಿತು ಕೊನೆಯ ಬಿಲ್ಲನ್ನು ಸಾಲುಸಾಲಾಗಿ ಓದಿಸಿರಿ.

ಯಾರಿಗೆ ಹೇಳಬೇಕು?

“ನಮ್ಮ ಮಾತು ಯಾರು ಕೇಳ್ತಾರ್ರಿ?” ಎಂದು ಕೈಚೆಲ್ಲಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ವಿಚಾರಿಸದೆ ಹೊಗಳುವ ಸಿನಿಮಾ ತಾರೆಯರಿಗೂ ಜಾಹೀರಾತಿನಿಂದ ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ ನಿಷೇಧ ಹೇರಬಹುದು.

ಮೊದಲು ಅಂಗಡಿಯವರಿಗೆ ಹೇಳಿ. ಕೇಳದಿದ್ದರೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು. ಅದಕ್ಕೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಕೀಲರು ಬೇಕೆಂಬ ನಿಯಮವಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ.

ಕೊನೆಗೆ ಕೆಲವು ಕಿವಿಮಾತು:

* ಬಿಲ್ಲು ಇಲ್ಲದೆ ಏನನ್ನೂ ಕೊಳ್ಳಬೇಡಿ. ಬಿಲ್ಲು, ಪೊಟ್ಟಣ, ಜಾಹೀರಾತಿನ ಹಾಳೆ ಮೂರನ್ನೂ ಒಂದು ಚೀಲದಲ್ಲಿ ಇಟ್ಟುಕೊಳ್ಳಿ.
* ಪೊಟ್ಟಣದ ಮುಂಭಾಗಕ್ಕಿಂತ ಹಿಂಭಾಗವನ್ನು ಮೊದಲು ಓದಿ.
* ನಕ್ಷತ್ರ ಕಂಡಲ್ಲಿ “ಇದರ ಷರತ್ತು ಏನು? ಕನ್ನಡದಲ್ಲಿ ಹೇಳ್ರಿ” ಎಂದು ಕೇಳಿ.
* “ಇಂದೇ ಕೊನೆ” ಎಂದರೆ ನಾಳೆಯವರೆಗೆ ತಡೆಯಿರಿ. ಒಂದು ರಾತ್ರಿ ಕಳೆದ ಮೇಲೂ ಬೇಕೆನಿಸಿದರೆ ಕೊಳ್ಳಿರಿ.
* ಔಷಧದ ಜಾಹೀರಾತು ನೋಡಿ ಡಾಕ್ಟರ ಗುಳಿಗೆ ನಿಲ್ಲಿಸಬೇಡಿ.
* ಪತ್ರಿಕೆಯ ಲೇಖನ ಒಂದೇ ಕಂಪನಿಯನ್ನು ಹೊಗಳುತ್ತಿದ್ದರೆ, ಮೂಲೆಯಲ್ಲಿ “ಜಾಹೀರಾತು” ಎಂಬ ಸಣ್ಣ ಶಬ್ದ ಇದೆಯೇ ನೋಡಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದಾರೆ. ಓದು ಬಾರದ ಅತ್ತೆಗೆ, ಪಕ್ಕದ ಮನೆಯ ಅಜ್ಜಿಗೆ ಈ ಸಣ್ಣ ಅಕ್ಷರಗಳನ್ನು ಓದಿ ಹೇಳುವ ಕೆಲಸವನ್ನೂ ನಾವೇ ಮಾಡೋಣ. ಮುಂದಿನ ಸಲ ಸಂತೆಗೆ ಹೋಗುವಾಗ ಕೈಚೀಲದಲ್ಲಿ ಕನ್ನಡಕ ಮರೆಯಬೇಡಿ!